ದೊಡ್ಡಪತ್ರೆ, ತುಳಸಿ, ಓಮ: ಯಾವ ತೊಂದರೆಗೆ ಯಾವುದು?

ಮನೆಯಲ್ಲಿ ಒಬ್ಬರು ಕೆಮ್ಮಿದರೆ ಸಾಕು, ಸಲಹೆಗಳಿಗೆ ಬರವಿಲ್ಲ. ಅತ್ತೆ "ದೊಡ್ಡಪತ್ರೆ ಬಾಡಿಸಿ ರಸ ಹಿಂಡಮ್ಮ" ಅನ್ನುತ್ತಾರೆ. ಎದುರುಮನೆಯವರು "ತುಳಸಿ ಕಷಾಯ ಮಾಡ್ಕೊಳ್ಳಿ" ಅನ್ನುತ್ತಾರೆ. ಊರಿಂದ ಫೋನ್ ಮಾಡಿದ ಅಕ್ಕ "ಓಮ ಹುರಿದು ಬಟ್ಟೇಲಿ ಗಂಟು ಕಟ್ಟೇ" ಅನ್ನುತ್ತಾಳೆ. ಮೂರೂ ಅಡುಗೆಮನೆಯ ಆಸುಪಾಸಿನವು, ಮೂರೂ ಘಾಟು. ಹಾಗಾಗಿ ಕೈಗೆ ಸಿಕ್ಕಿದ್ದನ್ನು ಹಾಕಿ ಕುದಿಸಿ ಕುಡಿಯುವವರೇ ಜಾಸ್ತಿ.

ಆದರೆ ಮೂರಕ್ಕೂ ಅದರದ್ದೇ ಕೆಲಸ ಇದೆ. ಎದೆಯಲ್ಲಿ ಕಫ ಕಟ್ಟಿದ್ದರೆ ಒಂದು, ಗಂಟಲು ಕೆರೆಯುತ್ತಿದ್ದರೆ ಇನ್ನೊಂದು, ಊಟ ಆದಮೇಲೆ ಹೊಟ್ಟೆ ಉಬ್ಬಿದರೆ ಮತ್ತೊಂದು. ಯಾವುದನ್ನು ಯಾವಾಗ ಆರಿಸಬೇಕು, ಯಾವಾಗ ಮೂರನ್ನೂ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ನನ್ನ ಒಲವು ದೊಡ್ಡಪತ್ರೆ ಕಡೆಗೆ. ಅದನ್ನು ಮೊದಲೇ ಹೇಳಿಬಿಟ್ಟರೆ ನೀವು ಲೆಕ್ಕ ಹಾಕಿಕೊಂಡು ಓದಬಹುದು.

ಯಾವ ಗಿಡದ ಮಾತು ಇದು?

ದೊಡ್ಡಪತ್ರೆ ಅಂದರೆ ದಪ್ಪ ಎಲೆ, ಮೇಲೆಲ್ಲ ನವಿರಾದ ರೋಮ, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ಮುರಿದರೆ ಪಟ್ ಅಂತ ಮುರಿಯುತ್ತದೆ, ಬೆರಳಿಗೆ ನೀರು ಹತ್ತುತ್ತದೆ. ಮಲೆನಾಡು, ಕರಾವಳಿ ಕಡೆ ಸಾಂಬ್ರಾಣಿ ಸೊಪ್ಪು, ಸಾಂಬಾರಬಳ್ಳಿ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಅಜವಾನದ ಎಲೆ ಅಂದರೂ ಗೊತ್ತಾಗುತ್ತದೆ. ತಮಿಳಿನವರಿಗೆ ಇದು ಕರ್ಪೂರವಳ್ಳಿ, ಮಲಯಾಳಿಗಳಿಗೆ ಪನಿಕೂರ್ಕ. ನಮ್ಮಲ್ಲಷ್ಟೇ ಅಲ್ಲ, ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗದಲ್ಲಿ ಇದು ತಾನಾಗಿಯೇ ಬೆಳೆಯುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ಮೀನು, ಮಾಂಸದ ಮಸಾಲೆಗೆ ಹಾಕುತ್ತಾರೆ.

ಇಲ್ಲೊಂದು ಗೊಂದಲ ತುಂಬಾ ಜನರಿಗಿದೆ. ದೊಡ್ಡಪತ್ರೆ ಎಲೆ ಓಮದ ಹಾಗೇ ವಾಸನೆ ಬರುತ್ತದೆ. ಅದಕ್ಕೆ ಅದೇ ಓಮದ ಗಿಡ, ಹೂ ಬಿಟ್ಟರೆ ಓಮ ಸಿಗುತ್ತದೆ ಅಂದುಕೊಳ್ಳುತ್ತಾರೆ. ಕಾಯಬೇಡಿ, ಸಿಗುವುದಿಲ್ಲ. ಓಮದ ಗಿಡ ಬೇರೆಯೇ. ಅದು ಕೊತ್ತಂಬರಿ, ಸಬ್ಬಸಿಗೆ, ಜೀರಿಗೆಗಳ ಕುಟುಂಬದ್ದು, ಕೊಡೆಯಂತೆ ಹೂ ಬಿಡುವ ಬೆಳೆ. ನಮಗೆ ಬರುವ ಓಮದಲ್ಲಿ ಬಹಳಷ್ಟು ರಾಜಸ್ಥಾನ, ಗುಜರಾತಿನದು. ದೊಡ್ಡಪತ್ರೆಯಾದರೋ ತುಳಸಿ, ಪುದೀನಾದ ಕುಟುಂಬದ್ದು.

ಹಾಗಾದರೆ ವಾಸನೆ ಹೇಗೆ ಒಂದೇ? ಒಳಗಿರುವ ಎಣ್ಣೆ ಕಾರಣ. ಓಮದ ಘಾಟು ಥೈಮಾಲ್ ಎಂಬ ವಸ್ತುವಿನದ್ದು. ದೊಡ್ಡಪತ್ರೆಯಲ್ಲಿ ಥೈಮಾಲ್ ಜೊತೆಗೆ ಕಾರ್ವಾಕ್ರಾಲ್ ಎಂಬುದೂ ಇದೆ. ಎರಡರಲ್ಲೂ ಅಷ್ಟೇ ಪರಮಾಣುಗಳು, ಜೋಡಣೆಯಲ್ಲಿ ಮಾತ್ರ ಸಣ್ಣ ವ್ಯತ್ಯಾಸ. ತುಳಸಿಯ ಘಮಕ್ಕೆ ಮುಖ್ಯ ಕಾರಣ ಯೂಜೆನಾಲ್, ಅಂದರೆ ಲವಂಗದ ಎಣ್ಣೆಯಲ್ಲಿರುವುದೇ. ತುಳಸಿ ಅಗಿದಾಗ ನಾಲಿಗೆ ತುದಿ ಸ್ವಲ್ಪ ಮರಗಟ್ಟಿದಂತಾಗುವುದೂ ಇದರಿಂದಲೇ.

ಶಕ್ತಿಯ ಲೆಕ್ಕದಲ್ಲಿ ಮೂರೂ ಸಮ ಅಲ್ಲ. ದೊಡ್ಡಪತ್ರೆ ಎಲೆಯಲ್ಲಿ ಬಹುಪಾಲು ನೀರೇ, ಎಣ್ಣೆ ಅಷ್ಟಿಷ್ಟು. ಓಮದ ಕಾಳಿನಲ್ಲಿ ತೂಕದ ಸುಮಾರು 2ರಿಂದ 4ರಷ್ಟು ಶೇಕಡಾ ಎಣ್ಣೆ ಇರುತ್ತದೆ, ಅದರಲ್ಲಿ ಅರ್ಧದ ಹತ್ತಿರ ಥೈಮಾಲ್. ಅದಕ್ಕೇ ದೊಡ್ಡಪತ್ರೆಯನ್ನು ಬಟ್ಟಲುಗಟ್ಟಲೆ ತಂಬುಳಿ ಮಾಡಿ ಉಣ್ಣಬಹುದು, ಓಮ ಅರ್ಧ ಚಮಚ ದಾಟಿದರೆ ಬಾಯಿ ಉರಿಯುತ್ತದೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳು (ಕರುಳಿಗೆ ಕಚ್ಚಿಕೊಳ್ಳುವ ಜಂತು) ಕಾಯಿಲೆ ಓಡಿಸಲು ದೊಡ್ಡ ಅಭಿಯಾನ ನಡೆಯಿತು. ಆಗ ಜನರಿಗೆ ಕೊಟ್ಟ ಮದ್ದು ಇದೇ ಥೈಮಾಲ್. ಆ ಕಾಲದಲ್ಲಿ ಥೈಮಾಲ್‌ಗೆ ದೊಡ್ಡ ಮೂಲ ನಮ್ಮ ದೇಶದಿಂದ ಹೋಗುತ್ತಿದ್ದ ಓಮ. ಚಕ್ಕುಲಿಗೆ ಹಾಕುವ ಕಾಳು ಅಂತ ಓಮವನ್ನು ಹಗುರವಾಗಿ ಕಾಣುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಕೆಮ್ಮು, ನೆಗಡಿ

ಮೊದಲು ಒಂದು ಖಾರದ ಮಾತು. ಸಾಮಾನ್ಯ ನೆಗಡಿ ಬರುವುದು ವೈರಸ್‌ನಿಂದ. ಮದ್ದು ಮಾಡಿದರೂ ಮಾಡದಿದ್ದರೂ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಕಾರ್ವಾಕ್ರಾಲ್, ಥೈಮಾಲ್ ಬ್ಯಾಕ್ಟೀರಿಯಾ ಕೊಲ್ಲುತ್ತವೆ ಅನ್ನುವುದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನಿಜ. ಆದರೆ ಲೋಟದ ಕಷಾಯ ಹೊಟ್ಟೆಗೆ ಹೋಗುತ್ತದೆ, ವೈರಸ್ ಇರುವುದು ಮೂಗು ಗಂಟಲಲ್ಲಿ. ಹಾಗಾಗಿ ಈ ಎಲೆಗಳಿಂದ ಕಾಯಿಲೆಯ ದಿನ ಕಡಿಮೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆ ದಿನಗಳನ್ನು ಸಹಿಸಲು ಸುಲಭವಾಗುತ್ತದೆ. ಬಿಸಿ ನೀರು, ಘಾಟು, ಸ್ವಲ್ಪ ಸಿಹಿ: ಗಂಟಲಿಗೆ ಹಿತ, ಕಟ್ಟಿದ ಮೂಗು ಸ್ವಲ್ಪ ಬಿಡುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಅಷ್ಟಾದರೂ ಸಣ್ಣ ಉಪಕಾರ ಅಲ್ಲ, ಅಲ್ವಾ?

ನೆಗಡಿ ಈಗ ತಾನೇ ಶುರುವಾಗಿದೆ, ಮೈಕೈ ನೋವು, ಗಂಟಲು ಕೆರೆತ, ಮೂಗಲ್ಲಿ ನೀರು ಅಂದರೆ ನಾನು ತುಳಸಿ ಆರಿಸುತ್ತೇನೆ. ಪರಂಪರೆಯ ಬೆಂಬಲವೂ ಅದಕ್ಕೇ ಗಟ್ಟಿ. ಚರಕ ಸಂಹಿತೆ ಉಸಿರಾಟದ ತೊಂದರೆಗೆ ಹೇಳುವ ಹತ್ತು ದ್ರವ್ಯಗಳ ಗುಂಪಿನಲ್ಲಿ ತುಳಸಿ ಇದೆ, ಅಲ್ಲಿ ಅದರ ಹೆಸರು ಸುರಸಾ. 2020ರಲ್ಲಿ ಕೊರೊನಾ ಬಂದಾಗ ಆಯುಷ್ ಸಚಿವಾಲಯ ಸೂಚಿಸಿದ ಕ್ವಾಥದಲ್ಲೂ ಅದೇ ಮುಂದೆ: ತುಳಸಿ 4 ಭಾಗ, ದಾಲ್ಚಿನ್ನಿ 2, ಒಣಶುಂಠಿ 2, ಕಾಳುಮೆಣಸು 1. ಈ ಅಳತೆ ನೆನಪಿಟ್ಟುಕೊಳ್ಳಲು ಸುಲಭ. ಕಷಾಯ ಕುಡಿದು ಎದೆ ಉರಿಸಿಕೊಳ್ಳುವವರು ಸಾಮಾನ್ಯವಾಗಿ ಮೆಣಸನ್ನು ಜಾಸ್ತಿ, ತುಳಸಿಯನ್ನು ಕಡಿಮೆ ಹಾಕಿರುತ್ತಾರೆ.

ಕುದಿಸುವ ರೀತಿಯಲ್ಲಿ ಒಂದು ತಪ್ಪು ಎಲ್ಲ ಮನೆಯಲ್ಲೂ ಕಾಣುತ್ತದೆ. ಪಾತ್ರೆ ತೆರೆದಿಟ್ಟು, ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತಾರೆ. ಮನೆಯೆಲ್ಲ ಘಮ್ ಅನ್ನುತ್ತದೆ. ಮನೆಯಲ್ಲಿ ಹರಡಿದ ಆ ಘಮ ಲೋಟದಲ್ಲಿ ಇರುವುದಿಲ್ಲ. ಯೂಜೆನಾಲ್ ಆಗಲಿ ಥೈಮಾಲ್ ಆಗಲಿ ಆವಿಯ ಜೊತೆ ಹಾರಿಹೋಗುವ ಎಣ್ಣೆಗಳು. ಶುಂಠಿ, ಮೆಣಸು, ದಾಲ್ಚಿನ್ನಿ ಮೊದಲು ಹಾಕಿ ಚೆನ್ನಾಗಿ ಕುದಿಸಿ. ಒಲೆ ಆರಿಸಿದ ಮೇಲೆ ಹತ್ತು ಹನ್ನೆರಡು ತುಳಸಿ ಎಲೆ ಕೈಯಲ್ಲಿ ಹಿಚುಕಿ ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ತಟ್ಟೆ ತೆಗೆದಾಗ ಒಳಗೆ ಅಂಟಿದ ಹನಿಗಳನ್ನೂ ಪಾತ್ರೆಗೇ ಕೆಡವಿ. ಘಮವೆಲ್ಲ ಅದರಲ್ಲೇ ಇರುತ್ತದೆ.

ತುಳಸಿಗೆ ಒಂದು ತೊಡಕು ಇದೆ. ದ್ವಾದಶಿ ದಿನ ಕೊಯ್ಯಬಾರದು, ಸಂಜೆ ಮೇಲೆ ಮುಟ್ಟಬಾರದು, ಕೆಲವು ಮನೆಗಳಲ್ಲಿ ಭಾನುವಾರ, ಮಂಗಳವಾರ, ಶುಕ್ರವಾರವೂ ಬೇಡ. ನೆಗಡಿ ಪಂಚಾಂಗ ನೋಡಿ ಬರುವುದಿಲ್ಲ. ಅದಕ್ಕೆ ಕಟ್ಟೆಯ ತುಳಸಿ ಪೂಜೆಗೆ, ಹಿತ್ತಿಲಿನದ್ದು ಮದ್ದಿಗೆ ಅಂತ ಎರಡು ಗಿಡ ಇಟ್ಟುಕೊಳ್ಳುವವರಿದ್ದಾರೆ. ಒಳ್ಳೆ ಏರ್ಪಾಡು. ಹಲ್ಲಿಗೆ ತಾಗಿಸಬಾರದು, ಅದರಲ್ಲಿ ಪಾದರಸ ಇದೆ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡಿ. ನರ್ಸರಿಯಲ್ಲಿ ಕಾಮಕಸ್ತೂರಿಯನ್ನೇ ತುಳಸಿ ಅಂತ ಕೊಡುವುದುಂಟು. ಅದರ ಎಲೆ ಸ್ವಲ್ಪ ದೊಡ್ಡದು, ನುಣುಪು, ವಾಸನೆ ಸಿಹಿ. ಅದು ಬೀಜಕ್ಕೆ ಹೆಸರಾದದ್ದು, ಕೆಮ್ಮಿಗಲ್ಲ.

ಮೂರ್ನಾಲ್ಕು ದಿನ ಕಳೆದು ಕಫ ಗಟ್ಟಿಯಾಗಿ, ಎದೆಯಲ್ಲಿ ಗೊರ ಗೊರ ಅನ್ನುವಾಗ ದೊಡ್ಡಪತ್ರೆಯ ಸರದಿ. ಕಾವಲಿಯನ್ನು ಸಣ್ಣ ಉರಿಯಲ್ಲಿ ಇಡಿ, ಎಣ್ಣೆ ಬೇಡ. ನಾಲ್ಕೈದು ಎಲೆ ತೊಳೆದು ಒರೆಸಿ ಅದರ ಮೇಲೆ ಹಾಕಿ. ಅರ್ಧ ನಿಮಿಷದಲ್ಲಿ ಹಸಿರು ಕಪ್ಪಾಗಿ, ಗಟ್ಟಿ ಎಲೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ತಿರುವಿ ಹಾಕಿ. ಅಂಚು ಸುಡುವ ಮೊದಲೇ ತೆಗೆಯಿರಿ, ಸುಟ್ಟರೆ ರಸ ಕಹಿ. ಆರಿದ ಮೇಲೆ ಎಲ್ಲ ಸೇರಿಸಿ ಮುಷ್ಟಿಯಲ್ಲಿ ಹಿಂಡಿದರೆ ಒಂದು ಚಮಚದಷ್ಟು ಕಂದು ಹಸಿರು ರಸ ಬರುತ್ತದೆ. ದೊಡ್ಡವರು ಅದಕ್ಕೆ ಅಷ್ಟೇ ಜೇನುತುಪ್ಪ ಬೆರೆಸಿ ದಿನಕ್ಕೆ ಎರಡು ಸಲ ನೆಕ್ಕಬಹುದು. ಹಸಿ ಎಲೆಯನ್ನೇ ಅರೆದು ಹಿಂಡಬಹುದಲ್ಲ ಅಂತ ಕೇಳಬಹುದು. ಹಿಂಡಬಹುದು, ಆದರೆ ಗಂಟಲು ಕಡಿಯುವ ಘಾಟು ಬರುತ್ತದೆ. ಬಾಡಿಸಿದರೆ ಅದು ತಗ್ಗುತ್ತದೆ, ರಸವೂ ಸಲೀಸಾಗಿ ಇಳಿಯುತ್ತದೆ.

ಓಮ ಕೆಮ್ಮಿಗೆ ನನ್ನ ಮೂರನೇ ಆಯ್ಕೆ. ಮೂಗು ಕಟ್ಟಿದಾಗ ಹುರಿದ ಓಮದ ಗಂಟು ಮೂಸಿದರೆ ಮೂಗು ಬಿಟ್ಟಂತಾಗುತ್ತದೆ, ನಿಜ. ಅದಕ್ಕೆ ಕರ್ಪೂರ ಸೇರಿಸುವುದು ಮಾತ್ರ ಬೇಡ, ಸಣ್ಣ ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಕರ್ಪೂರ ಮಕ್ಕಳ ಬಾಯಿಗೆ ಹೋದರೆ ಫಿಟ್ಸ್ ಬರಬಹುದು. 2021ರ ಎರಡನೇ ಅಲೆಯಲ್ಲಿ ಕರ್ಪೂರ, ಓಮ, ಲವಂಗದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದೆ ಅಂತ ಒಂದು ಮೆಸೇಜ್ ಊರೆಲ್ಲ ಸುತ್ತಿತ್ತು. ಅದು ಶುದ್ಧ ಸುಳ್ಳು. ಮೂಗು ತಣ್ಣಗಾದಂತೆ ಅನ್ನಿಸುವುದಕ್ಕೂ ರಕ್ತದಲ್ಲಿ ಆಕ್ಸಿಜನ್ ಏರುವುದಕ್ಕೂ ಸಂಬಂಧ ಇಲ್ಲ.

ಒಣ ಕೆಮ್ಮು, ಅದರಲ್ಲೂ ರಾತ್ರಿ ಮಲಗಿದ ಕೂಡಲೇ ಬರುವ ಕೆಮ್ಮಿಗೆ ಈ ಮೂರೂ ಅಷ್ಟಕ್ಕಷ್ಟೆ. ಘಾಟಿಗೆ ಗಂಟಲು ಇನ್ನಷ್ಟು ಕೆರಳುವುದೂ ಇದೆ. ಬೆಚ್ಚಗಿನ ನೀರಿಗೆ ಜೇನುತುಪ್ಪ, ಇಲ್ಲಾ ಒಂದು ತುಂಡು ಜೇಷ್ಠಮಧು ಬಾಯಲ್ಲಿಟ್ಟುಕೊಂಡು ಚೀಪುವುದು ಇದಕ್ಕಿಂತ ಮೇಲು. ಬಿ.ಪಿ. ಇದ್ದವರು ಜೇಷ್ಠಮಧು ದಿನವೂ ತಿನ್ನಬಾರದು, ಅದು ಬಿ.ಪಿ. ಏರಿಸುತ್ತದೆ.

ಮಕ್ಕಳಿಗಾದರೆ

ಇಲ್ಲಿ ವಯಸ್ಸೇ ಮುಖ್ಯ, ಎಲೆ ಆಮೇಲಿನ ಮಾತು.

ಆರು ತಿಂಗಳ ಒಳಗಿನ ಕೂಸಿಗೆ ಬಾಯಿಗೆ ಏನೂ ಬೇಡ. ರಸ ಬೇಡ, ಓಮದ ನೀರು ಬೇಡ, ಬರೀ ನೀರೂ ಬೇಡ. ಎದೆಹಾಲು ಸಾಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ನಮ್ಮ ಮಕ್ಕಳ ಡಾಕ್ಟರುಗಳೂ ಹೇಳುವುದು ಅದನ್ನೇ. ಬಾಣಂತನದ ಮನೆಯಲ್ಲಿ ಇದನ್ನು ಹೇಳುವುದು ಕಷ್ಟ ಅಂತ ಗೊತ್ತು. "ನಿನ್ನ ಗಂಡನ್ನ ಸಾಕಿದ್ದೇ ದೊಡ್ಡಪತ್ರೆ ರಸದಲ್ಲಿ" ಅನ್ನುವ ಅತ್ತೆಯ ಎದುರು ವಾದಕ್ಕೆ ನಿಂತರೆ ಪ್ರಯೋಜನ ಇಲ್ಲ. ಒಂದು ಮಧ್ಯದ ದಾರಿ ಇದೆ. ಎಲೆಯನ್ನು ಬಾಡಿಸಿ, ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ಬಿಸಿ ನೋಡಿ, ಉಗುರುಬೆಚ್ಚಗಾದ ಮೇಲೆ ಸ್ವಲ್ಪ ಹೊತ್ತು ಮಗುವಿನ ನೆತ್ತಿಗೆ ಇಡುವುದು. ಇದೂ ಹಳೇ ಪದ್ಧತಿಯೇ, ಅತ್ತೆಗೂ ಸಮಾಧಾನ. ಉಪಕಾರ ಎಷ್ಟೋ, ಅಪಾಯ ಮಾತ್ರ ಕಡಿಮೆ. ಮೂಗು ಕಟ್ಟಿ ಹಾಲು ಕುಡಿಯಲು ಆಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಉಪ್ಪುನೀರಿನ ಡ್ರಾಪ್ಸ್ ಈ ಮೂರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಖಂಡಿತ ಕೂಡದು. ಮನೆಯ ಜೇನಾದರೂ ಅಷ್ಟೆ, ಕಾಡಿನ ಜೇನಾದರೂ ಅಷ್ಟೆ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಎಳೆ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಅದರಿಂದ ಮಗು ಸೊರಗಿ, ಮೈಯೆಲ್ಲ ಸಡಿಲವಾಗಿ, ಉಸಿರಾಟಕ್ಕೇ ತೊಂದರೆ ಆಗಬಹುದು. ದೊಡ್ಡಪತ್ರೆ ರಸವನ್ನು ಜೇನಿನಲ್ಲೇ ಕೊಡಬೇಕು ಅನ್ನುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ವರ್ಷ ದಾಟಿದ ಮಕ್ಕಳಿಗೆ ಮೂರರಲ್ಲಿ ದೊಡ್ಡಪತ್ರೆಯೇ ಸೌಮ್ಯ. ಒಂದೆರಡು ಎಲೆಯ ರಸ, ಕಾಲು ಚಮಚ, ಜೇನಿನಲ್ಲಿ. ಮಗು ಉಗುಳಿದರೆ ಬಲವಂತ ಮಾಡಬೇಡಿ, ಬರೀ ಜೇನು ಕೊಟ್ಟರೂ ರಾತ್ರಿಯ ಕೆಮ್ಮು ಸ್ವಲ್ಪ ತಗ್ಗುತ್ತದೆ. ಮಕ್ಕಳ ಕೆಮ್ಮಿಗೆ ಜೇನು ಹಿತ ಅನ್ನುವುದಕ್ಕೆ ಎಲೆಗಳಿಗಿಂತ ಒಳ್ಳೆ ಆಧಾರ ಇದೆ. ಬಿಸಿ ನೀರಿನ ಪಾತ್ರೆಗೆ ಎಲೆ ಹಾಕಿ ಮಕ್ಕಳಿಗೆ ಹಬೆ ಹಿಡಿಸುವುದು ಬೇಡ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳ ಸಂಖ್ಯೆ ಸಣ್ಣದಲ್ಲ.

ಮಗು ಬೇಗ ಬೇಗ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಹಾಲು ನೀರು ಬಿಟ್ಟಿದ್ದರೆ ಕಾವಲಿ ಇಡುವುದಲ್ಲ, ಆಟೋ ಹಿಡಿಯುವುದು. ಮೂರು ತಿಂಗಳ ಒಳಗಿನ ಕೂಸಿಗೆ ಜ್ವರ ಬಂದರೂ ಅಷ್ಟೆ, ಅದೇ ದಿನ ತೋರಿಸಬೇಕು. ದೊಡ್ಡವರಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಟಿ.ಬಿ. ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹೊಟ್ಟೆ

ಇಲ್ಲಿ ಪೈಪೋಟಿಯೇ ಇಲ್ಲ, ಓಮ ಗೆಲ್ಲುತ್ತದೆ. ಹೊಟ್ಟೆ ಉಬ್ಬರ, ಗ್ಯಾಸು, ಮದುವೆ ಊಟದ ಭಾರ, ಇವಕ್ಕೆಲ್ಲ ಅರ್ಧ ಚಮಚ ಓಮವನ್ನು ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ, ಚಿಟಿಕೆ ಉಪ್ಪು ಸೇರಿಸಿ, ಅಗಿದು ಮೇಲೆ ಬಿಸಿನೀರು ಕುಡಿಯಿರಿ. ತಿಕ್ಕುವುದು ಸುಮ್ನೆ ಅಲ್ಲ. ಎಣ್ಣೆ ಇರುವುದು ಕಾಳಿನ ಸಿಪ್ಪೆಯ ಸಣ್ಣ ನಾಳಗಳಲ್ಲಿ, ಇಡೀ ಕಾಳು ನುಂಗಿದರೆ ಅದು ಬಿಡುವುದಿಲ್ಲ. ಕಡಲೆಹಿಟ್ಟಿನ ಬಜ್ಜಿ, ನಿಪ್ಪಟ್ಟು, ಚಕ್ಕುಲಿಗೆ ಓಮ ಹಾಕುವ ನಮ್ಮ ಪದ್ಧತಿಯೂ ಇದೇ ಉದ್ದೇಶದ್ದು.

ಎದೆಯುರಿ, ಹುಳಿತೇಗು ಇದ್ದವರಿಗೆ ಓಮ ಆಗಿಬರುವುದಿಲ್ಲ. ಗ್ಯಾಸು ಮತ್ತು ಆಸಿಡಿಟಿ ಎರಡಕ್ಕೂ "ಗ್ಯಾಸ್ಟ್ರಿಕ್" ಅಂತಲೇ ಹೇಳಿ ಎರಡಕ್ಕೂ ಓಮ ತಿನ್ನುವವರು ಬಹಳ. ಹೊಟ್ಟೆ ಡ್ರಮ್ಮಾಗಿದ್ದರೆ ಓಮ, ಎದೆ ಉರಿಯುತ್ತಿದ್ದರೆ ಬೇಡ. ಎಡಗೈಗೆ, ದವಡೆಗೆ ಹರಿಯುವ ಎದೆನೋವು, ಬೆವರು ಬಂದರೆ ಓಮವನ್ನೂ ಸೋಡಾವನ್ನೂ ಬದಿಗಿಟ್ಟು ನೇರ ಆಸ್ಪತ್ರೆ.

ಅಂಗಡಿಯಲ್ಲಿ ಸಿಗುವ ಓಮದ ಅರ್ಕ ಬಟ್ಟಿ ಇಳಿಸಿದ್ದು, ಕೈಯಳತೆ ನಡೆಯುವುದಿಲ್ಲ, ಬಾಟಲಿಯ ಮೇಲಿನ ಅಳತೆಯೇ ಕೊನೆ. ಅಮೃತಧಾರಾ ಅನ್ನುವುದು ಇನ್ನೂ ತೀಕ್ಷ್ಣ. ಪುದೀನಾ ಸತ್ವ, ಓಮದ ಸತ್ವ, ಕರ್ಪೂರ ಮೂರೂ ಒಣ ಹರಳುಗಳು. ಒಂದು ಗಾಜಿನ ಸೀಸೆಗೆ ಮೂರನ್ನೂ ಹಾಕಿ ಅಲುಗಾಡಿಸಿದರೆ ಒಂದು ಹನಿ ನೀರೂ ಸೇರಿಸದೆ ತಾವಾಗಿಯೇ ಕರಗಿ ದ್ರವ ಆಗುತ್ತವೆ. ನೋಡಲು ಮಜಾ. ದೊಡ್ಡವರಿಗೆ ಒಂದೆರಡು ಹನಿ, ನೀರಿಗೆ ಬೆರೆಸಿ. ಸೀಸೆ ಮಕ್ಕಳ ಕೈಗೆ ಎಟುಕದ ಕಡೆ ಇರಲಿ.

ಬಾಯಿ ರುಚಿ ಕೆಟ್ಟಿದೆ, ಜ್ವರ ಬಿಟ್ಟಮೇಲೆ ಊಟ ಸೇರುತ್ತಿಲ್ಲ ಅನ್ನುವಾಗ ಮಾತ್ರ ನಾನು ದೊಡ್ಡಪತ್ರೆಗೆ ತಿರುಗುತ್ತೇನೆ, ಅದೂ ತಂಬುಳಿಯಾಗಿ. ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ತುಪ್ಪದಲ್ಲಿ ಬಾಡುವ ತನಕ ಹುರಿಯಿರಿ. ಎರಡು ಹಿಡಿ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ. ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ಉಪ್ಪು, ಸಾಸಿವೆ ಒಗ್ಗರಣೆ. ಮಜ್ಜಿಗೆ ಹಾಕಿದ ಮೇಲೆ ಕುದಿಸಬಾರದು. ಬಿಸಿ ಅನ್ನಕ್ಕೆ ಇದನ್ನು ಕಲಸಿದರೆ ಊಟ ಬೇಡ ಅಂದವರೂ ಎರಡನೇ ಸಲ ತಟ್ಟೆ ಮುಂದೆ ಮಾಡುತ್ತಾರೆ. ದೊಡ್ಡಪತ್ರೆ ಬಜ್ಜಿಯೂ ಅದ್ಭುತವೇ, ಆದರೆ ಅದನ್ನು ಮದ್ದಿನ ಲೆಕ್ಕಕ್ಕೆ ಸೇರಿಸುವುದು ಬಾಯಿಚಪಲದವರ ಮಾತು. ತುಳಸಿಗೆ ಹೊಟ್ಟೆಯ ವಿಷಯದಲ್ಲಿ ಹೇಳಿಕೊಳ್ಳುವಂಥ ಪಾತ್ರ ಇಲ್ಲ.

ಪಿತ್ತದ ಗಂಧೆ

ಇದ್ದಕ್ಕಿದ್ದಂತೆ ಮೈಮೇಲೆ ಕೆಂಪಗೆ ದದ್ದು ಎದ್ದು ನವೆ ಶುರುವಾದರೆ ನಮ್ಮ ಕಡೆ ಮೊದಲು ನೆನಪಾಗುವುದು ದೊಡ್ಡಪತ್ರೆ. ಎಲೆ ಹಿಚುಕಿ ದದ್ದಿನ ಮೇಲೆ ತಿಕ್ಕುತ್ತಾರೆ, ನಾಲ್ಕು ಎಲೆ ಉಪ್ಪು ಹಾಕಿ ತಿನ್ನಲೂ ಕೊಡುತ್ತಾರೆ. ತುಳಸಿ, ಓಮಕ್ಕೆ ಇಲ್ಲಿ ಈ ಮಟ್ಟದ ಹೆಸರಿಲ್ಲ. ತಣ್ಣನೆಯ ರಸ ತಾಗಿದಾಗ ನವೆ ಸ್ವಲ್ಪ ಹೊತ್ತು ಮರೆಯಾಗುತ್ತದೆ. ಗಂಧೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನೇ ಇಳಿಯುವುದರಿಂದ ಎಲೆಗೆ ಸ್ವಲ್ಪ ಹೆಚ್ಚೇ ಕೀರ್ತಿ ಬಂದಿರಬಹುದು. ಮೊದಲು ಒಂದು ಕಡೆ ಸ್ವಲ್ಪ ಹಚ್ಚಿ ನೋಡಿ. ಘಾಟು ಎಣ್ಣೆ ಕೆಲವರ ಚರ್ಮಕ್ಕೆ ಉರಿ ತರುತ್ತದೆ. ಕೆರೆದು ಗಾಯವಾದ ಕಡೆ ತಿಕ್ಕಬೇಡಿ, ಒರಟಾಗಿ ಉಜ್ಜಲೂ ಬೇಡಿ, ಉಜ್ಜಿದಷ್ಟೂ ಗಂಧೆ ಏಳುತ್ತದೆ. ಪದೇ ಪದೇ ಬರುತ್ತಿದ್ದರೆ ಯಾವ ಊಟ, ಯಾವ ಮಾತ್ರೆ ಆದಮೇಲೆ ಬರುತ್ತಿದೆ ಅಂತ ಬರೆದಿಟ್ಟುಕೊಳ್ಳಿ. ಡಾಕ್ಟರು ಕೊಡುವ ಅಲರ್ಜಿ ಮಾತ್ರೆ ಎಲೆಗಿಂತ ನಂಬಿಕಸ್ಥ.

ತುಟಿ, ಕಣ್ಣರೆಪ್ಪೆ, ನಾಲಿಗೆ ಊದಿಕೊಂಡರೆ, ದನಿ ಬದಲಾದರೆ, ಉಸಿರು ಕಟ್ಟಿದಂತಾದರೆ ಎಲೆ ಹುಡುಕುತ್ತಾ ಹಿತ್ತಿಲಿಗೆ ಹೋಗಬೇಡಿ. 108ಕ್ಕೆ ಫೋನ್ ಮಾಡಿ.

ಯಾರು ಹುಷಾರಾಗಿರಬೇಕು

ಊಟದಲ್ಲಿ ಬರುವಷ್ಟಕ್ಕೆ ಯಾರಿಗೂ ಭಯ ಬೇಡ. ತಂಬುಳಿ ಉಂಡು, ಓಮದ ಚಕ್ಕುಲಿ ತಿಂದು ಕೆಟ್ಟವರಿಲ್ಲ. ಪ್ರಶ್ನೆ ಬರುವುದು ದಿನವೂ ಲೋಟಗಟ್ಟಲೆ ಕುಡಿಯುವಾಗ, ಕ್ಯಾಪ್ಸೂಲು ನುಂಗುವಾಗ. ತುಳಸಿ ರಕ್ತದ ಸಕ್ಕರೆಯನ್ನು ಸ್ವಲ್ಪ ಇಳಿಸಬಲ್ಲದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಜೊತೆಗೆ ತುಳಸಿ ಕ್ಯಾಪ್ಸೂಲನ್ನೂ ಶುರು ಮಾಡಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್ ದಿನ ಗೊತ್ತಾಗಿರುವವರು ಡಾಕ್ಟರಿಗೆ ಹೇಳದೆ ತುಳಸಿಯನ್ನು ಮದ್ದಿನ ಪ್ರಮಾಣದಲ್ಲಿ ಹಿಡಿಯಬಾರದು. ಬಸುರಿಯರು ಅಡುಗೆಯ ಓಮಕ್ಕೆ ಹೆದರಬೇಕಿಲ್ಲ, ಓಮದ ಅರ್ಕ, ಸತ್ವ ಬೇಡ. ಬಾಣಂತಿಯರಿಗೆ ಓಮ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಊಟದ ಜೊತೆ ಸ್ವಲ್ಪ ತಿಂದರೆ ಸಾಕು, ಬೆಳಗ್ಗೆ ಸಂಜೆ ಮುಷ್ಟಿ ತಿನ್ನುವ ಅಗತ್ಯ ಇಲ್ಲ.

ಒಂದೇ ಕುಂಡಕ್ಕೆ ಜಾಗ ಇದ್ದರೆ

ಓಮ ಬೆಳೆಸುವ ಗೋಜಿಲ್ಲ, ಕಾಳು ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ನಾಲ್ಕು ಕಾಳು ಬೆರಳಲ್ಲಿ ತಿಕ್ಕಿ ಮೂಸಿ. ಮೂಗಿಗೆ ಹೊಡೆಯದಿದ್ದರೆ ಹಳೇ ಸರಕು. ಪೊಟ್ಟಣದಲ್ಲೇ ಬಿಡದೆ ಗಾಜಿನ ಡಬ್ಬಿಗೆ ಹಾಕಿಡಿ. ಉಳಿದದ್ದು ತುಳಸಿಯಾ, ದೊಡ್ಡಪತ್ರೆಯಾ ಅನ್ನುವುದು. ಬಾಲ್ಕನಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವುದಾದರೆ ತುಳಸಿ ಇಡಿ, ಕದಿರು ಬಂದ ಹಾಗೆ ಚಿವುಟುತ್ತಿರಿ, ಇಲ್ಲದಿದ್ದರೆ ಎಲೆ ಸಣ್ಣದಾಗಿ ಗಿಡ ಕಡ್ಡಿಯಾಗುತ್ತದೆ. ಬಿಸಿಲು ಅರ್ಧಂಬರ್ಧ, ನೀರು ಹಾಕುವುದು ನೆನಪಾದಾಗ ಅನ್ನುವಂಥ ಮನೆಗೆ ದೊಡ್ಡಪತ್ರೆ. ಅದನ್ನು ದುಡ್ಡು ಕೊಟ್ಟು ತರಬೇಡಿ. ಪಕ್ಕದ ಮನೆಯಿಂದ ಒಂದು ಗೇಣಿನ ಕಡ್ಡಿ ಕೇಳಿ, ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿಗೆ ಸಿಕ್ಕಿಸಿ. ಎರಡು ವಾರದಲ್ಲಿ ಬೇರು ಬಿಡುತ್ತದೆ. ನೀರು ಜಾಸ್ತಿಯಾದರೆ ಮಾತ್ರ ಬುಡ ಕೊಳೆತು ಹೋಗುತ್ತದೆ, ಮಳೆಗಾಲದಲ್ಲಿ ಕುಂಡವನ್ನು ಸೂರಿನ ಒಳಗೆ ಸರಿಸಿ. ನಾಯಿ, ಬೆಕ್ಕು ಸಾಕಿದವರು ಸ್ವಲ್ಪ ಎತ್ತರದಲ್ಲಿಡಿ, ಅವು ಈ ಎಲೆ ಜಾಸ್ತಿ ತಿಂದರೆ ವಾಂತಿ ಮಾಡಿಕೊಳ್ಳುತ್ತವೆ.

ಅಮೆರಿಕ, ಯುರೋಪಿನ ಕಡೆ ಇರುವವರು ನರ್ಸರಿಯಲ್ಲಿ ದೊಡ್ಡಪತ್ರೆ ಅಂತ ಕೇಳಿದರೆ ಸಿಗುವುದಿಲ್ಲ. ಅಲ್ಲಿ ಇದು ಕ್ಯೂಬನ್ ಒರೆಗಾನೊ, ಮೆಕ್ಸಿಕನ್ ಮಿಂಟ್, ಇಂಡಿಯನ್ ಬೋರೇಜ್ ಅಂತ ಬೇರೆಬೇರೆ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತದೆ. ಎಲೆ ದಪ್ಪಗಿದೆಯಾ, ರೋಮ ಇದೆಯಾ, ತಿಕ್ಕಿದರೆ ಓಮದ ವಾಸನೆ ಬರುತ್ತದಾ ನೋಡಿ ತೆಗೆದುಕೊಳ್ಳಿ. ಬರೀ ಒರೆಗಾನೊ ಅಂತ ಬರೆದಿದ್ದರೆ ಅದು ಬೇರೆ ಗಿಡ, ಎಲೆ ತೆಳು. ಹಿಮ ಬೀಳುವ ಮೊದಲು ಕುಂಡವನ್ನು ಮನೆಯೊಳಗೆ ಕಿಟಕಿ ಪಕ್ಕಕ್ಕೆ ತನ್ನಿ. ಒಂದೇ ರಾತ್ರಿಯ ಹಿಮಕ್ಕೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಇಡೀ ಗಿಡ ಕಪ್ಪಾಗಿ ಬೀಳುತ್ತದೆ. ತುಳಸಿಗೂ ಅದೇ ಗತಿ. ಹಿಮದ ತಿಂಗಳು ಬರುವ ಮೊದಲೇ ಎರಡು ಕಡ್ಡಿ ಕತ್ತರಿಸಿ ನೀರಿನ ಲೋಟದಲ್ಲಿ ಇಟ್ಟುಕೊಂಡರೆ ಮುಂದಿನ ವಸಂತಕ್ಕೆ ಹೊಸ ಗಿಡ ಕೊಳ್ಳುವ ಖರ್ಚು ಉಳಿಯುತ್ತದೆ.